ಅಮ್ಮನಿಗೆ ಮಾತ್ರ ಮುಚ್ಚಿದ ದಾರಿ

ಮಾರ್ಚ್ ೯

ಮಗಳೇ,

ಮೊದಲು ಕುಳಿತುಕೋ. ಒಲೆಯ ಮೇಲೆ ಏನಾದರೂ ಇಟ್ಟಿದ್ದರೆ ಇಳಿಸಿ ಬಾ. ಆಮೇಲೆ ಓದು.

ಈ ವರ್ಷ ನಾನು ಶಿಖರ ಹತ್ತಬೇಕು ಅಂತ ಇದ್ದೇನೆ. ಹೌದು, ನೀನು ನೋಡಿಕೊಳ್ಳುವ ಚಾರಣಿಗರ ತಂಗುಮನೆಯ ಹಿಂದೆ ನಿಂತಿದೆಯಲ್ಲ, ಅದೇ. ತಂಗುಮನೆಯವರೆಗೆ ಬಂದು ನಿನ್ನ ಮುಖ ನೋಡಿ ಹೋಗುವುದಲ್ಲ, ತುದಿಗೆ. ಆ ಬೆಟ್ಟಕ್ಕೆ ಹೋಗುವವರಿಗೆಂದು ಆಯುಷ್ಯವೆಲ್ಲ ಟೆಂಟು ಹೊಲಿದಿದ್ದೇನೆ, ಚೀಲ ಹೊಲಿದಿದ್ದೇನೆ, ಹರಿದದ್ದಕ್ಕೆ ತೇಪೆ ಹಾಕಿದ್ದೇನೆ. ನನ್ನ ಹೊಲಿಗೆ ಎಷ್ಟು ಸಲ ಹತ್ತಿ ಇಳಿದಿದೆಯೋ. ನಾನು ಮಾತ್ರ ಅಂಗಡಿಯ ಕಿಟಕಿಯಿಂದ ನೋಡಿಕೊಂಡೇ ಇದ್ದೇನೆ.

ಯಾಕೆ ಅಂತ ಕೇಳಬೇಡ. ನಿನ್ನ ಚಿಕ್ಕಮ್ಮ ಕೇಳಿ ಕೇಳಿ ಸುಸ್ತಾಗಿದ್ದಾಳೆ. "ಭಾವನ ನೆನಪಿಗಾ ಅಕ್ಕಾ?" ಅಂದಳು. ನಿನ್ನ ಅಪ್ಪ ಮಹಡಿಯ ಮೆಟ್ಟಿಲು ಹತ್ತುವುದಕ್ಕೂ ಗೊಣಗುತ್ತಿದ್ದ ಮನುಷ್ಯ. ಅವರ ನೆನಪಿಗೆ ಬೆಟ್ಟ ಹತ್ತಿದರೆ ಅವರೇ ಬಿದ್ದು ಬಿದ್ದು ನಕ್ಕಾರು. ನನಗೆ ಹತ್ತಬೇಕು ಅನ್ನಿಸಿದೆ, ಅಷ್ಟೇ. ಈ ಅರವತ್ತಮೂರು ವರ್ಷದಲ್ಲಿ 'ಅಷ್ಟೇ' ಅಂತ ಹೇಳಿ ನಾನು ಒಂದು ಕೆಲಸವನ್ನೂ ಮಾಡಿಲ್ಲ.

ಪ್ರತಿ ವಾರ ನೀನು ಬರೆದು ಕಳಿಸುವ ದಾರಿ ವರದಿ ನಮ್ಮ ಅಂಗಡಿಯ ಎದುರಿನ ಬಸ್ ನಿಲ್ದಾಣದಲ್ಲೇ ಅಂಟುತ್ತದೆ. ಆದರೆ ಅದು ಊರಿಗೆಲ್ಲ ಬರೆದದ್ದು. ನನ್ನ ಮೊಣಕಾಲಿಗೆ ತಕ್ಕ ಹಾಗೆ ನನಗೊಂದು ಬೇರೆ ಬರೆ. ಎಲ್ಲಿ ಏರು, ಎಲ್ಲಿ ಜಾರು, ಎಲ್ಲಿ ಕುಳಿತು ಉಸಿರು ಬಿಡಬಹುದು, ಎಲ್ಲ ಬೇಕು. ಮಗಳಾಗಿ ಬರೆಯಬೇಡ, ದಾರಿ ಕಾಯುವವಳಾಗಿ ಬರೆ.

ನಿನ್ನ
ಅಮ್ಮ


ಮಾರ್ಚ್ ೨೮

ಅಮ್ಮ,

ನಿನ್ನ ಪತ್ರವನ್ನು ಹೇಸರಗತ್ತೆಯವನು ಮೊನ್ನೆ ಸಾಮಾನಿನ ಜೊತೆ ತಂದುಕೊಟ್ಟ. ಓದಿ ನಕ್ಕೆ. ಇನ್ನೊಂದು ಸಲ ಓದಿದಾಗ ನಗು ಬರಲಿಲ್ಲ.

ದಾರಿ ಕಾಯುವವಳಾಗಿಯೇ ಬರೆಯುತ್ತೇನೆ. ಬಸ್ಸು ನಿಲ್ಲುವಲ್ಲಿಂದ ತಂಗುಮನೆಗೆ ಎರಡು ದಿನದ ನಡಿಗೆ. ಕಾಡಿನೊಳಗೆ ಕೆಸರು ಮಂಡಿಯವರೆಗೆ ಇದೆ. ಹಳ್ಳದ ಹಲಗೆ ಸೇತುವೆ ಚಳಿಗಾಲದಲ್ಲೇ ಕೊಚ್ಚಿಹೋಗಿದೆ, ಹೊಸದು ಯಾವಾಗ ಬರುತ್ತದೋ ಗೊತ್ತಿಲ್ಲ. ಮರಗಳು ಮುಗಿದ ಮೇಲೆ ಬರೀ ಸಡಿಲ ಕಲ್ಲಿನ ಇಳಿಜಾರು, ಒಂದು ಹೆಜ್ಜೆ ಮೇಲೆ ಇಟ್ಟರೆ ಅರ್ಧ ಹೆಜ್ಜೆ ಕೆಳಗೆ ಜಾರುತ್ತೇವೆ. ತಂಗುಮನೆಯ ಮೇಲೆ ನಾವು ಕತ್ತೆಬೆನ್ನು ಎನ್ನುವ ಕಿರಿದಾದ ಏರು. ಎರಡು ಕಡೆಯೂ ಆಳ, ಕೊನೆಯಲ್ಲಿ ಸರಪಳಿ ಹಿಡಿದು ಹತ್ತಬೇಕು. ಅಲ್ಲಿ ಈ ವರ್ಷ ಮಂಜುಗಡ್ಡೆ ಆಗಸ್ಟ್ ಮುಗಿದರೂ ಕರಗುವ ಹಾಗೆ ಕಾಣುವುದಿಲ್ಲ. ಗಾಳಿಯೂ ತೆಳು. ಗಟ್ಟಿಮುಟ್ಟಾದ ಹುಡುಗರೇ ಅಲ್ಲಿ ಬಾಯಿ ಬಾಯಿ ಬಿಡುತ್ತಾರೆ.

ಬಿದ್ದರೆ ನಿನ್ನನ್ನು ಎತ್ತುವವರು ಯಾರು?

ಈ ವರ್ಷ ಬೇಡ. ಮುಂದೆ ನೋಡೋಣ. ಚಿಕ್ಕಮ್ಮನ ಜೊತೆ ಎಲ್ಲಾದರೂ ಸಮುದ್ರದ ಕಡೆ ಹೋಗಿ ಬಾ.

ನಿನ್ನ
ಮಗಳು


ಏಪ್ರಿಲ್ ೧೭

ದಾರಿ ಕಾಯುವ ಮಹಾರಾಯಿತಿಗೆ,

ಸಮುದ್ರವಂತೆ! ಸಮುದ್ರ ಹತ್ತುವುದಕ್ಕೆ ಬರುತ್ತದೇನೇ?

"ಬಿದ್ದರೆ ಎತ್ತುವವರು ಯಾರು?" ಈ ಮಾತು ಎಲ್ಲೋ ಕೇಳಿದ ಹಾಗಿದೆಯಲ್ಲ ಅಂತ ಒಂದು ದಿನವೆಲ್ಲ ಯೋಚಿಸಿದೆ. ಆಮೇಲೆ ಹೊಳೆಯಿತು, ಅದು ನನ್ನದೇ ಮಾತು! ನೀನು ಈ ಕೆಲಸಕ್ಕೆ ಹೊರಟ ದಿನ ಬಾಗಿಲಿಗೆ ಅಡ್ಡ ನಿಂತು ನಾನು ಕೂಗಿದ್ದು. ಆಗ ನೀನು ಏನಂದೆ? "ನಾನೇ ಏಳ್ತೀನಿ" ಅಂದು ನನ್ನ ಕೈ ಕೆಳಗಿಂದ ನುಸುಳಿಕೊಂಡು ಹೋದೆ. ಎರಡು ವರ್ಷ ಮಾತು ಬಿಟ್ಟೆವು. ಈಗ ನನ್ನ ಮಾತನ್ನು ಒಗೆದು ಇಸ್ತ್ರಿ ಮಾಡಿ ನನಗೇ ಕಳಿಸಿದ್ದೀಯ. ಉತ್ತರವೂ ನಿನ್ನದೇ ತೆಗೆದುಕೋ. ನಾನೇ ಏಳುತ್ತೇನೆ.

ನಾನು ಸುಮ್ಮನೆ ಕುಳಿತಿಲ್ಲ. ನನಗಾಗಿ ಒಂದು ಬೆನ್ನಿನ ಚೀಲ ಹೊಲಿದುಕೊಂಡಿದ್ದೇನೆ. ಅದಕ್ಕೆ ಕ್ಯಾನ್ವಾಸ್ ತುಂಡುಗಳನ್ನು ತುಂಬಿ ಬೆಳಿಗ್ಗೆ ನಮ್ಮ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಕೆಳಗಿನ ಮನೆಯ ಗುಮಾಸ್ತ ಮೊದಲ ದಿನ "ಮನೆ ಖಾಲಿ ಮಾಡ್ತಿದ್ದೀರಾ?" ಅಂತ ಕೇಳಿದ. ಈಗ ಅವನ ಹೆಂಡತಿಯೂ ನನ್ನ ಹಿಂದೆ ಹತ್ತುತ್ತಾಳೆ. ನಿನ್ನ ಚಿಕ್ಕಮ್ಮ ಮೂರನೇ ಮಹಡಿಯಲ್ಲಿ ಕುರ್ಚಿ ಹಾಕಿಕೊಂಡು ಕುಳಿತು, ನಾನು ದಾಟುವಾಗಲೆಲ್ಲ ಬೈಯುತ್ತಾಳೆ. ಬೈಗುಳ ಕೇಳುವುದಕ್ಕೆ ನಿಲ್ಲುವ ನೆಪದಲ್ಲಿ ನನಗೂ ಸ್ವಲ್ಪ ಉಸಿರು ಸಿಗುತ್ತದೆ.

ಇನ್ನೊಂದು ವಿಷಯ. ನಿನ್ನೆ ಬಸ್ ನಿಲ್ದಾಣದ ಬೋರ್ಡು ಓದಿದೆ. "ಹೊಸ ಹಲಗೆ ಸೇತುವೆ ಸಿದ್ಧ. ಕಾಡಿನ ದಾರಿ ಒಣಗಿದೆ. ಕತ್ತೆಬೆನ್ನಿನ ಮಂಜುಗಡ್ಡೆ ಜೂನ್ ಹೊತ್ತಿಗೆ ಕರಗುವ ನಿರೀಕ್ಷೆ" ಅಂತಿದೆ. ಬೋರ್ಡಿನಲ್ಲೂ ನಿನ್ನದೇ ಅಕ್ಷರ, ಪತ್ರದಲ್ಲೂ ನಿನ್ನದೇ ಅಕ್ಷರ. ಊರಿಗೆಲ್ಲ ಜೂನ್ ತಿಂಗಳಲ್ಲಿ ಕರಗುವ ಮಂಜುಗಡ್ಡೆ ಹೆತ್ತವಳಿಗೆ ಮಾತ್ರ ಆಗಸ್ಟ್ ಆದರೂ ಕರಗುವುದಿಲ್ಲವೇ?

ಕಾಯುತ್ತಿರುವ
ಅಮ್ಮ


ಮೇ ೧೧

ಅಮ್ಮ,

ಹೌದು, ಸುಳ್ಳು ಬರೆದೆ. ಮತ್ತೆ ಬರೆಯಬೇಕಾಗಿ ಬಂದರೆ ಮತ್ತೆ ಬರೆಯುತ್ತೇನೆ. ಕ್ಷಮೆ ಕೇಳುವುದಿಲ್ಲ.

ಹೋದ ವರ್ಷ ಒಬ್ಬರು ನಿವೃತ್ತ ಮೇಷ್ಟ್ರು ಬಂದಿದ್ದರು. ನಿನ್ನದೇ ವಯಸ್ಸು, ನಿನ್ನ ಹಾಗೇ ಮಾತು. ಎಲ್ಲರನ್ನೂ ನಗಿಸುತ್ತಾ ಹತ್ತಿದರು. ಕತ್ತೆಬೆನ್ನಿನ ನಡುವೆ ಅವರಿಗೆ ಉಸಿರು ಕಟ್ಟಿತು. ನಾನೂ ಇನ್ನಿಬ್ಬರೂ ಅವರನ್ನು ಹೊತ್ತು ತಂಗುಮನೆಗೆ ತಂದೆವು. ರಾತ್ರಿ ಸ್ವಲ್ಪ ಚಹಾ ಕುಡಿದು, "ನಾಳೆ ಸರಿ ಹೋಗ್ತೀನಿ, ನೀನು ಮಲಗಮ್ಮ" ಅಂದರು. ಬೆಳಿಗ್ಗೆ ಅವರು ಇರಲಿಲ್ಲ. ಅವರ ಮಗನಿಗೆ ನಾನೇ ಬರೆದು ತಿಳಿಸಿದೆ. ಅವತ್ತಿನಿಂದ ಬಿಳಿ ತಲೆಯವರು ತಂಗಿದ ರಾತ್ರಿ ನಾನು ಎದ್ದೆದ್ದು ಅವರ ಉಸಿರು ಕೇಳಿ ನೋಡುತ್ತೇನೆ.

ನನಗೆ ಭಯ ಅಮ್ಮ. ಎಲ್ಲರನ್ನೂ ಹೊತ್ತೇನು, ನಿನ್ನನ್ನು ಹೊರಲಾರೆ. ದಾರಿ ಹೇಗಿದೆ ಅಂತ ಕೇಳಬೇಡ. ನಾನು ಹೇಗಿದ್ದೇನೆ ಅಂತ ಒಂದು ಸಲವಾದರೂ ಕೇಳಿದ್ದೀಯಾ?

ನೀನು ಬಸ್ಸಿಗೆ ಟಿಕೆಟ್ ತೆಗೆದರೆ ನಾನೇನು ಮಾಡುತ್ತೇನೋ ನನಗೇ ಗೊತ್ತಿಲ್ಲ.

ಮಗಳು


ಜೂನ್ ೬

ಕೂಸೇ,

ಮೇಷ್ಟ್ರ ವಿಷಯ ಓದಿ ಅತ್ತೆ. ಅಷ್ಟು ಭಾರವನ್ನು ಒಬ್ಬಳೇ ಇಟ್ಟುಕೊಂಡು ಒಂದು ಚಳಿಗಾಲ ಕಳೆದೆಯಲ್ಲ, ಒಂದು ಸಾಲು ಬರೆಯಬಾರದಿತ್ತೇ? ಕೇಳದೇ ಇದ್ದದ್ದು ನನ್ನದೂ ತಪ್ಪು. ಈಗ ಕೇಳುತ್ತಿದ್ದೇನೆ, ಹೇಗಿದ್ದೀಯ?

ಡಾಕ್ಟರ ಹತ್ತಿರ ಹೋಗಿ ಬಂದೆ. ಎದೆಗೆ ತಂತಿ ಅಂಟಿಸಿ ಓಡುವ ಪಟ್ಟಿಯ ಮೇಲೆ ನಡೆಸಿದರು. "ಹೃದಯ ಗಟ್ಟಿಯಾಗಿದೆ, ತಲೆ ಅದಕ್ಕಿಂತ ಗಟ್ಟಿ" ಅಂದರು. ನಿಧಾನವಾಗಿ ಹತ್ತುತ್ತೇನೆ. ಉಸಿರು ಸಿಗದಿದ್ದರೆ ಮರುಮಾತಿಲ್ಲದೆ ಇಳಿಯುತ್ತೇನೆ. ಆದರೆ ನಿನಗೆ ಭಯ ಅಂತ ನಾನು ಮನೆಯಲ್ಲಿ ಕೂರುವುದಿಲ್ಲ. ನನಗೆ ಭಯ ಅಂತ ನೀನು ಕುಳಿತೆಯಾ?

ಜುಲೈ ಎರಡನೇ ವಾರಕ್ಕೆ ಟಿಕೆಟ್ ತೆಗೆದಿದ್ದೇನೆ.

ಅಮ್ಮ


ಜುಲೈ ೧೬

ಮಗಳೇ,

ನಾನು ಬರಲಿಲ್ಲ ಅಂತ ನಿನಗೆ ಗೊತ್ತು. ಯಾಕೆ ಬರಲಿಲ್ಲ ಅಂತಲೂ ಗೊತ್ತು.

ಹೊರಡುವ ದಿನ ಬೆಳಿಗ್ಗೆ ಚೀಲ ಬೆನ್ನಿಗೆ ಹಾಕಿಕೊಂಡೇ ಬಸ್ ನಿಲ್ದಾಣಕ್ಕೆ ಹೋದೆ. ಬೋರ್ಡಿನಲ್ಲಿ ಹೊಸ ಹಾಳೆ ಇತ್ತು. "ಕತ್ತೆಬೆನ್ನು ಮುಚ್ಚಿದೆ. ಯಾರೂ ಹತ್ತಬಾರದು." ನಿನ್ನ ಅಕ್ಷರ. ಪತ್ರದಲ್ಲಿ ನೀನು ಏನು ಬರೆದರೂ ನಾನು ನಂಬುತ್ತಿರಲಿಲ್ಲ. ಬೋರ್ಡನ್ನು ನಂಬಿದೆ. ಬೋರ್ಡಿನಲ್ಲಿ ನೀನು ಸುಳ್ಳು ಬರೆಯುತ್ತೀಯ ಅಂತ ನನಗೆ ಕನಸಿನಲ್ಲೂ ಬರಲಿಲ್ಲ. ಟಿಕೆಟ್ ಹಿಂದಿರುಗಿಸಿ ಮನೆಗೆ ಬಂದು ಚೀಲದಿಂದ ಒಂದೊಂದೇ ಬಟ್ಟೆ ತೆಗೆದಿಟ್ಟೆ. ನಿನ್ನ ಚಿಕ್ಕಮ್ಮ ಒಂದು ಮಾತೂ ಆಡದೆ ಮಡಚಿಕೊಟ್ಟಳು. ಅವಳು ಸುಮ್ಮನಿದ್ದದ್ದು ನೋಡಿಯೇ ನನಗೆ ಅಳು ಬಂದದ್ದು.

ನಿಲ್ದಾಣದಲ್ಲಿ ನಾನೊಬ್ಬಳೇ ಇರಲಿಲ್ಲ. ಆಸ್ಪತ್ರೆಯ ನರ್ಸುಗಳ ಒಂದು ಗುಂಪಿತ್ತು. ಒಟ್ಟಿಗೆ ರಜೆ ಸಿಗಲಿ ಅಂತ ವರ್ಷವಿಡೀ ಪಾಳಿ ಬದಲಾಯಿಸಿಕೊಂಡು ಬಂದಿದ್ದರಂತೆ. ಅವರಲ್ಲಿ ಒಬ್ಬಳು ಬೆಂಚಿನ ಮೇಲೆ ಕುಳಿತು ಬೂಟು ಬಿಚ್ಚಿ ಸುಮ್ಮನೆ ನೋಡುತ್ತಿದ್ದಳು. "ಬೇಜಾರು ಮಾಡ್ಕೋಬೇಡಿ, ಅಲ್ಲಿ ನನ್ನ ಮಗಳಿದ್ದಾಳೆ. ಅವಳು ಮುಚ್ಚಿದೆ ಅಂದ್ರೆ ಮುಚ್ಚಿದೆ" ಅಂತ ಅವಳಿಗೆ ಸಮಾಧಾನ ಹೇಳಿದೆ. ಹೆಮ್ಮೆಯಿಂದ ಹೇಳಿದೆ ಕಣೇ!

ನಿನ್ನೆ ಹೇಸರಗತ್ತೆಯವನು ಹರಿದ ಚೀಲ ಹೊಲಿಸಲು ಅಂಗಡಿಗೆ ಬಂದ. ಮುಚ್ಚಿರುವ ಕತ್ತೆಬೆನ್ನಿನ ವಿಷಯ ಕೇಳಿದೆ.

"ಮುಚ್ಚಿದ್ಯಾ? ಯಾರು ಹೇಳಿದ್ದು? ಒಣಗಿ ಬೂದಿ ಆಗಿದೆ ಅಮ್ಮಾ. ಮೊನ್ನೆ ನಿಮ್ಮ ಮಗಳೇ ಅಲ್ಲಿ ಕೂತು ಗುರುತಿನ ಕಲ್ಲಿಗೆ ಸುಣ್ಣ ಬಳೀತಿದ್ಲಲ್ಲ!"

"ಹಾಳೆ ತಂದೋನು ನೀನೇ ಅಲ್ವಾ?"

"ನಾನು ಕವರು ತರೋನು, ಓದೋನಲ್ಲ."

ಸೂಜಿ ಬೆರಳಿಗೆ ಚುಚ್ಚಿತು. ಅವನ ಚೀಲಕ್ಕೆ ನನ್ನ ರಕ್ತ ಅಂಟಿದೆ, ಬೇಕಾದರೆ ನೋಡಿಕೋ.

ನನಗೆ ಸುಳ್ಳು ಬರೆ. ಸಾವಿರ ಬರೆ. ತಾಯಿ ಮಗಳ ನಡುವೆ ಅದೆಲ್ಲ ಇದ್ದದ್ದೇ, ನಾನೂ ನಿನಗೆ ಎಷ್ಟು ಹೇಳಿಲ್ಲ. ಆದರೆ ಬೋರ್ಡು ನಿನ್ನಪ್ಪನ ಮನೆಯ ಗೋಡೆಯಲ್ಲ. ನಾಳೆ ನಿಜವಾಗಿಯೂ ಕಲ್ಲು ಉರುಳುತ್ತಿರುವಾಗ ನೀನು "ಮುಚ್ಚಿದೆ" ಅಂತ ಬರೆದರೆ, "ಓ, ಅವಳ ಅಮ್ಮ ಬರುತ್ತಿರಬೇಕು ಬಿಡಿ" ಅಂತ ನಾಲ್ಕು ಜನ ಹತ್ತಿಬಿಡುತ್ತಾರೆ. ಅವರನ್ನು ಹೊರುತ್ತೀಯಾ?

ಆ ಹಾಳೆ ಕಿತ್ತು ಹಾಕಿಸು. ಅದು ಇರುವವರೆಗೆ ನಾನು ಬರುವುದಿಲ್ಲ. ಅದು ಹೋದ ಮರುದಿನವೇ ಬರುತ್ತೇನೆ. ನಿನಗೆ ಯಾವುದು ಬೇಕೋ ನೋಡು.

ಅಮ್ಮ


ಜುಲೈ ೨೭

ಅಮ್ಮ,

ಕಿತ್ತು ಹಾಕಿಸಿದೆ. ಹೊಸ ಹಾಳೆಯಲ್ಲಿ ಹೀಗೆ ಬರೆದಿದ್ದೇನೆ: "ಹಿಂದಿನ ವರದಿ ಸುಳ್ಳು. ಕತ್ತೆಬೆನ್ನು ತೆರೆದೇ ಇತ್ತು. ಬೇಕೆಂದೇ ಹಾಗೆ ಬರೆದವಳು ನಾನು." ನಮ್ಮ ಕಚೇರಿಯ ಮೇಲ್ವಿಚಾರಕರು ಇಲ್ಲಿಗೇ ಬಂದು ಉರಿದುಬಿದ್ದರು. "ಕೈತಪ್ಪು ಅಂತ ಬರೆದುಬಿಡು, ಇಬ್ಬರಿಗೂ ಒಳ್ಳೇದು" ಅಂದರು. ಒಂದು ಸುಳ್ಳನ್ನು ಇನ್ನೊಂದರಿಂದ ಒರೆಸುವುದಿಲ್ಲ ಅಂದೆ. ಋತು ಮುಗಿದ ಮೇಲೆ ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ನೋಡುತ್ತಾರಂತೆ. ನೋಡಲಿ.

ನಿನ್ನ ಪತ್ರ ಓದಿ ನನಗೆ ನಾಚಿಕೆಯಾಯಿತು, ಜೊತೆಗೆ ಸಿಟ್ಟೂ ಬಂತು. ಸಿಟ್ಟು ಇನ್ನೂ ಇಳಿದಿಲ್ಲ. ನೀನು ಮನೆಯಲ್ಲಿದ್ದರೆ ನನಗೆ ನಿದ್ದೆ ಬರುತ್ತಿತ್ತು.

ಇರಲಿ. ಇನ್ನು ದಾರಿ ಕೇಳು. ಇದು ನಿನ್ನ ಮೊಣಕಾಲಿಗೇ ಬರೆದದ್ದು.

ಕಾಡಿನ ದಾರಿ ಒಣಗಿದೆ, ಆದರೆ ಬೇರುಗಳು ಎದ್ದಿವೆ, ಕಣ್ಣು ನೆಲದ ಮೇಲಿರಲಿ. ಸೇತುವೆ ಗಟ್ಟಿ. ಅಲುಗಾಡುತ್ತದೆ, ಹೆದರಬೇಡ, ಅಲುಗಾಡಬೇಕು. ಅದರಾಚೆ ಬಲಕ್ಕೆ ಚಪ್ಪಟೆ ಕಲ್ಲಿದೆ, ಅಲ್ಲಿ ಕುಳಿತು ಕಾಲು ಚಾಚು. ಎಲ್ಲರೂ ಅಲ್ಲಿ ಕೂರದೆ ಮುಂದೆ ಹೋಗಿ ಪಶ್ಚಾತ್ತಾಪ ಪಡುತ್ತಾರೆ. ಸಡಿಲ ಕಲ್ಲಿನ ಇಳಿಜಾರನ್ನು ಬೆಳಗಿನ ತಂಪಿನಲ್ಲೇ ದಾಟು, ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಬೇರೆಯವರು ನಿನ್ನನ್ನು ಹಿಂದೆ ಹಾಕಿದರೆ ಹಾಕಲಿ. ನಿನಗೆ ಅದೇ ಕಷ್ಟವಾಗುತ್ತದೆ ಅಂತ ನನಗೆ ಗೊತ್ತು. ತಂಗುಮನೆಯಲ್ಲಿ ಎರಡು ದಿನ ಇದ್ದು ಗಾಳಿಗೆ ಒಗ್ಗಿಕೊಳ್ಳಬೇಕು. ಇದರಲ್ಲಿ ಚೌಕಾಸಿ ಇಲ್ಲ. ಕತ್ತೆಬೆನ್ನಿನಲ್ಲಿ ಮಂಜುಗಡ್ಡೆ ಇಲ್ಲ, ಆದರೆ ಒಂದು ರಾತ್ರಿಯಲ್ಲಿ ಎಲ್ಲ ಬದಲಾಗಬಹುದು. ಅವತ್ತು ಬೆಳಿಗ್ಗೆ ನಾನು ಏನು ಹೇಳುತ್ತೇನೋ ಅದೇ ಕೊನೆಯ ಮಾತು. ಒಪ್ಪಿದರೆ ಮಾತ್ರ ಹೊರಡು.

ದಪ್ಪ ಕಾಲುಚೀಲ ತರುವುದನ್ನು ಮರೆಯಬೇಡ.

ನಿನ್ನ
ಮಗಳು


ಆಗಸ್ಟ್ ೨೬

ಚಿರಂಜೀವಿ ಮಗಳಿಗೆ ಚಿಕ್ಕಮ್ಮನ ಆಶೀರ್ವಾದ.

ಏನು ನಡೆಯುತ್ತಿದೆ ಅಲ್ಲಿ? ನಿನ್ನಮ್ಮ ಇಲ್ಲಿಂದ ಹೊರಡುವಾಗ ಒಂದು ವಾರ ಅಂದಿದ್ದಳು. ತಿಂಗಳಾಗುತ್ತ ಬಂತು. ಹೇಸರಗತ್ತೆಯವನ ಕೈಲಿ ಒಂದು ಚೀಟಿ ಬಂದಿದೆ, "ನಾನು ಚೆನ್ನಾಗಿದ್ದೇನೆ, ದಪ್ಪ ಸೂಜಿಯೂ ಮೇಣದ ದಾರವೂ ಕಳಿಸು" ಅಂತ. ಬೆಟ್ಟ ಹತ್ತಲು ಹೋದವಳಿಗೆ ಸೂಜಿ ಯಾಕೆ? ಅವನನ್ನು ಕೇಳಿದರೆ "ನಾನು ಸಾಮಾನು ಹೊರೋನು, ಸುದ್ದಿ ಹೊರೋನಲ್ಲ" ಅನ್ನುತ್ತಾನೆ.

ಅಂಗಡಿಯ ಯಜಮಾನರು ದಿನಾ ಮನೆಗೆ ಬಂದು ತಲೆ ತಿನ್ನುತ್ತಿದ್ದಾರೆ. ಕೆಳಗಿನ ಮನೆಯವಳು "ಅಕ್ಕ ಹತ್ತಿದ್ರಂತಾ?" ಅಂತ ಮೆಟ್ಟಿಲಲ್ಲೇ ಹಿಡಿದು ಕೇಳುತ್ತಾಳೆ. ನನಗೇನು ಗೊತ್ತು? ಹತ್ತಿದ್ದರೆ ಇಳಿಯಲಿ. ಹತ್ತದಿದ್ದರೂ ಇಳಿಯಲಿ. ಚಳಿ ಶುರುವಾಗುವ ಮೊದಲು ಅವಳನ್ನು ಇಳಿಸಿ ಕಳಿಸು. ಈ ಮನೆಯಲ್ಲಿ ಒಬ್ಬಳೇ ಕುಳಿತು ಯಾರನ್ನು ಬೈಯಲಿ ನಾನು?

ನಿನ್ನ
ಚಿಕ್ಕಮ್ಮ


ಸೆಪ್ಟೆಂಬರ್ ೪

ಪ್ರೀತಿಯ ಚಿಕ್ಕಮ್ಮನಿಗೆ,

ಹೆದರಬೇಡಿ. ಅಮ್ಮ ಗುಂಡುಕಲ್ಲಿನ ಹಾಗಿದ್ದಾಳೆ. ನಡೆದದ್ದನ್ನು ಮೊದಲಿನಿಂದ ಹೇಳುತ್ತೇನೆ. ಅವಳಾಗಿ ಹೇಳುವುದಿಲ್ಲ.

ತಂಗುಮನೆಗೆ ಬಂದು ಎರಡು ದಿನ ಉಸಿರು ಒಗ್ಗಿಸಿಕೊಂಡಳು. ಮೂರನೆಯ ಬೆಳಿಗ್ಗೆ ಕತ್ತೆಬೆನ್ನಿಗೆ ಹೊರಟೆವು. ನಮ್ಮ ಹಿಂದೆ ಐದಾರು ಗಂಡಸರ ಗುಂಪು. ಹಿಂದಿನ ರಾತ್ರಿ ಮಳೆ ಬಿದ್ದು ಅದು ಕಲ್ಲಿನ ಸಂದಿಯಲ್ಲೇ ಹೆಪ್ಪುಗಟ್ಟಿತ್ತು. ಎಲ್ಲರನ್ನೂ ಕೆಳಗೆ ನಿಲ್ಲಿಸಿ ನಾನು ಮುಂದೆ ಹೋಗಿ ಸರಪಳಿ ಎಳೆದು ನೋಡಿದೆ. ಬಂಡೆಗೆ ಹೊಡೆದ ಕಬ್ಬಿಣದ ಗೂಟ ಹಲ್ಲು ಅಲುಗಾಡಿದ ಹಾಗೆ ಅಲುಗಾಡಿತು. ತಿರುಗಿ ಬಂದು "ಮುಚ್ಚಿದೆ, ಎಲ್ಲರೂ ಇಳಿಯಿರಿ" ಅಂದೆ.

ಆಕಾಶ ತೊಳೆದಿಟ್ಟ ಹಾಗಿತ್ತು ಚಿಕ್ಕಮ್ಮ. ತುದಿ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತಿತ್ತು. ಆ ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯ, ಗಡ್ಡದವನು, ನಕ್ಕುಬಿಟ್ಟ.

"ಹೋದ ತಿಂಗಳೂ ಮುಚ್ಚಿತ್ತಂತಲ್ಲ? ಆಮೇಲೆ ಸುಳ್ಳು ಅಂತ ನೀವೇ ಬರೆದ್ರಿ. ಇವತ್ತು ಯಾರ ಅಮ್ಮ ಬಂದಿದ್ದಾರೆ?"

ಅವನು ಹೇಳಿದ್ದು ನಿಜ. ಅವರು ನನ್ನನ್ನು ದಾಟಿಕೊಂಡು ಹೊರಟೇಬಿಟ್ಟರು. ಆಗ ಅವರ ಮುಂದಿದ್ದ ಅಮ್ಮ ಚೀಲ ಇಳಿಸಿ, ದಾರಿ ಕಿರಿದಾದ ಕಡೆ ನಟ್ಟನಡುವೆ ಕುಳಿತುಬಿಟ್ಟಳು. ಎರಡು ಕಡೆಯೂ ಆಳ. ಅವಳನ್ನು ದಾಟದೆ ಯಾರೂ ಹೋಗುವ ಹಾಗಿಲ್ಲ.

"ಏಳಿ ಅಮ್ಮಾ, ದಾರಿ ಬಿಡಿ" ಅಂದ ಗಡ್ಡದವನು.

"ಆ ಅಮ್ಮ ನಾನೇ. ಹೋದ ಸಲ ಅವಳು ಮುಚ್ಚಿದ್ದು ನನಗೋಸ್ಕರ. ಇವತ್ತು ನಾನು ಬಂದಿದ್ದೀನಿ, ತುದಿ ಕಣ್ಣಿಗೆ ಕಾಣ್ತಾ ಇದೆ, ಆದರೂ ಮುಚ್ಚಿದ್ದಾಳೆ. ಇವತ್ತು ಮುಚ್ಚಿದ್ದು ನಿಮಗೋಸ್ಕರಾನೂ."

"ನಮ್ಮ ಜೀವ, ನಮ್ಮಿಷ್ಟ. ನಿಮಗ್ಯಾಕೆ?"

"ನೀವು ಬಿದ್ರೆ ಹೊರೋಳು ನನ್ನ ಮಗಳು. ಅವಳ ಬೆನ್ನಿಗೆ ಇನ್ನೊಂದು ಭಾರ ನಾನು ಹಾಕಗೊಡಲ್ಲ. ಬೇಕಾದ್ರೆ ನನ್ನನ್ನ ತುಳಿದು ಹೋಗಿ."

ಬೈದರು, ಬೇಡಿಕೊಂಡರು, ಒಬ್ಬ ಫೋಟೋ ತೆಗೆದ. ಅಮ್ಮ ಚೀಲದಿಂದ ಬ್ರೆಡ್ಡು ತೆಗೆದು ತಿನ್ನುತ್ತಾ ಕುಳಿತಳು. ಕೊನೆಗೆ ಗೊಣಗುತ್ತಾ ಇಳಿದರು. ಮಧ್ಯಾಹ್ನದವರೆಗೂ ಬಿಸಿಲು ಹಾಗೇ ಇತ್ತು. ಗಾಳಿ ಬೀಸಲಿಲ್ಲ, ಕಲ್ಲು ಬೀಳಲಿಲ್ಲ. "ನೋಡಿದಿರಾ, ಏನೂ ಆಗಲಿಲ್ಲ" ಅಂತ ಅವರು ತಂಗುಮನೆಯ ಬಾಗಿಲಲ್ಲಿ ಅಣಕಿಸಿ ಹೋದರು. "ಏನೂ ಆಗಬಾರದು ಅಂತಾನೇ ಇಳಿಸಿದ್ದು" ಅಂತ ಅಮ್ಮ ಒಳಗಿನಿಂದಲೇ ಕೂಗಿದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅವಳು ಅಳುತ್ತಿದ್ದಳು ಅಂತ ನನಗೆ ಗೊತ್ತಿತ್ತು. ಪಕ್ಕದಲ್ಲಿ ಕುಳಿತು ಕಾಲು ಒತ್ತಿದೆ, ಬೇಡ ಅನ್ನಲಿಲ್ಲ.

ಮರುದಿನ ಹೇಸರಗತ್ತೆಯವನ ಜೊತೆ ಕಳಿಸಿಬಿಡೋಣ ಅಂತ ಇದ್ದೆ. "ಗೂಟ ಹೊಡೆಯೋವರೆಗೆ ಇಲ್ಲಿಂದ ಅಲ್ಲಾಡಲ್ಲ" ಅಂತ ಕಡ್ಡಿ ಮುರಿದ ಹಾಗೆ ಹೇಳಿದಳು. ಹೊಸ ಗೂಟ ಕೆಳಗಿನಿಂದ ಬರಬೇಕು, ಕಚೇರಿ ಒಪ್ಪಬೇಕು, ಹವೆ ಕೂಡಿಬರಬೇಕು. ಅಷ್ಟು ದಿನವೂ ಅವಳು ತಂಗುಮನೆಯ ಮೆಟ್ಟಿಲ ಮೇಲೆ ಕುಳಿತು ಬಂದವರ ಹರಿದ ಟೆಂಟುಗಳನ್ನೆಲ್ಲ ಹೊಲಿದಳು. ಸೂಜಿ ತರಿಸಿದ್ದು ಅದಕ್ಕೇ. ನನ್ನ ಅಡುಗೆಯಲ್ಲಿ ಹುಳುಕು ಹುಡುಕಿದಳು. ನಾವು ದಿನಕ್ಕೊಂದು ಸಲವಾದರೂ ಜಗಳವಾಡಿದೆವು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಇಷ್ಟು ಮಾತಾಡಿದ್ದೇ ಇಲ್ಲ ಚಿಕ್ಕಮ್ಮ.

ನಿನ್ನೆ ಗೂಟ ಹೊಡೆದು ಮುಗಿಯಿತು. ನಾನೇ ಸರಪಳಿಗೆ ಜೋತುಬಿದ್ದು ನೋಡಿದೆ. ಬಂಡೆ ಒಣಗಿದೆ. ಇವತ್ತು ಬೆಳಿಗ್ಗೆ "ದಾರಿ ತೆರೆದಿದೆ" ಅಂತ ಹಾಳೆ ಬರೆದೆ.

ಗಡ್ಡದವನು ಮತ್ತೆ ಬಂದಿದ್ದಾನೆ, ಈ ಸಲ ಒಬ್ಬನೇ. ಬೆಳಿಗ್ಗೆ ಅಂಗಳದಲ್ಲಿ ಅಮ್ಮನ ಮುಂದೆ ನಿಂತು, "ಅಮ್ಮಾ, ಇವತ್ತು ಹೋಗಬಹುದಾ?" ಅಂತ ಕೇಳಿದ.

"ನನ್ನನ್ನ ಯಾಕೆ ಕೇಳ್ತೀರಿ? ದಾರಿ ಕಾಯೋಳು ಅಲ್ಲಿ ನಿಂತಿದ್ದಾಳೆ, ಅವಳನ್ನ ಕೇಳಿ."

ಅವನು ನನ್ನ ಕಡೆ ತಿರುಗಿದ. "ತೆರೆದಿದೆ" ಅಂದೆ. ಇನ್ನೊಂದು ಮಾತು ಕೇಳದೆ ಚೀಲ ಎತ್ತಿಕೊಂಡ. ನನಗೆ ಅಷ್ಟು ಸಾಕಾಯಿತು. ಕೆಲಸದಲ್ಲಿ ಇಟ್ಟುಕೊಳ್ಳುತ್ತಾರೋ ಬಿಡುತ್ತಾರೋ, ಕಚೇರಿಯಿಂದ ಇನ್ನೂ ಸುದ್ದಿ ಇಲ್ಲ.

ಅಮ್ಮನ ಜೊತೆ ನಾನೂ ಹೊರಟು ನಿಂತೆ. ಅವಳು ಒಪ್ಪಲಿಲ್ಲ. "ನೀನು ಬಂದ್ರೆ ನೀನು ಹತ್ತಿಸಿದ ಹಾಗಾಗತ್ತೆ. ಇಲ್ಲೇ ಇರು. ಆ ಗಡ್ಡದೋನು ನನ್ನ ಹಿಂದೆ ಬರಲಿ, ಮುಂದೆ ಹೋದರೆ ಹೇಳ್ತೀನಿ ಅವನಿಗೆ" ಅಂದಳು. ನಾನು ಅವಳ ಚೀಲದ ಪಟ್ಟಿಗಳನ್ನು ಮತ್ತೊಮ್ಮೆ ಎಳೆದು ನೋಡಿದೆ. ಅವಳು ಮೆಟ್ಟಿಲ ಮೇಲೆ ಕುಳಿತು ಕಾಲು ಮುಂದೆ ಚಾಚಿದಳು.

ಅಕ್ಕನನ್ನು ಇಳಿಸಿ ಕಳಿಸು ಅಂತ ಬರೆದಿದ್ದಿರಿ. ಅವಳ ಬೂಟಿನ ದಾರವನ್ನು ನಾನೇ ಬಿಗಿಯಾಗಿ ಕಟ್ಟಿದೆ, ಚಿಕ್ಕಮ್ಮ. ಈಗಷ್ಟೇ ಹೊರಟಳು, ಮೇಲಕ್ಕೆ.

ನಿಮ್ಮ ಅಕ್ಕನ
ಮಗಳು